ಬಿತ್ತನೆಯ ಬೀಜದ ಮೇಲಣ ಸ್ವಾಮ್ಯ

ಹೊಲ, ಗದ್ದೆ, ದನ, ಗಾಡಿ ಮುಂತಾದವು ಕಣ್ಣಿಗೆ ಕಾಣುವ ಸ್ವತ್ತುಗಳು. ಇವನ್ನು ಪರರು ಅಪಹರಿಸಿದರೆ ನ್ಯಾಯಸ್ಥಾನದಲ್ಲಿ ಪರಿಹಾರವುಂಟು. ಮನುಷ್ಯನ ಬುದ್ಧಿಯಿಂದಲೂ ಪರಿಶ್ರಮದಿಂದಲೂ ಹುಟ್ಟಿದ ಹೊಸ ವಸ್ತುವೂ ಇದೇ ರೀತಿಯ ಸ್ವತ್ತೆಂದು ಕಾಯಿದೆಗಳು ಒಪ್ಪಿರುತ್ತವೆ. ಇದಕ್ಕೆ ಬೌದ್ಧಿಕ ಸ್ವತ್ತೆಂದು ಹೆಸರು. ಇದು ಯಂತ್ರ ಮಾಡುವವರಿಗೂ ಗ್ರಂಥ ಬರೆಯುವವರಿಗೂ ಮಾತ್ರ ಸಂಬಂಧಪಟ್ಟ ವಿಷಯವೆಂದು ರೈತರು ಉದಾಸೀನರಾಗಿರುವುದುಂಟು. ಆದರೆ ಕಣಜದಲ್ಲಿರುವ ಬಿತ್ತನೆಯ ಬೀಜಕ್ಕೂ ಇದಕ್ಕೂ ನೇರವಾದ ಸಂಬಂಧವಿರುವುದರಿಂದ, ಇದರ ಮುಖ್ಯಾಂಶಗಳನ್ನು ತಿಳಿದಿರುವುದು ಅವಶ್ಯಕ.

ಸ್ವಾಮ್ಯದ ಬಗೆಗಳು

ಹೊಸ ಯಂತ್ರವನ್ನಾಗಲಿ ತಯಾರಿಕೆಯ ವಿಧಾನವನ್ನಾಗಲಿ ಕಂಡುಹಿಡಿದವರಿಗೆ ದೊರೆಯುವುದು ಪೇಟೆಂಟು. ಅರ್ಜಿಯ ದಿನದಿಂದ ೨೦ ವರ್ಷಗಳವರೆಗೆ ಅವರ ಅಪ್ಪಣೆಯಿಲ್ಲದೆ ಅನ್ಯರು ಅದನ್ನು ಮಾಡಿ ಮಾರಕೂಡದು. ಮೊದಲೇ ಲೋಕಕ್ಕೆ ತಿಳಿದಿದ್ದುದಕ್ಕೆ ಪೇಟೆಂಟು ಸಲ್ಲದು. ಅರಿಸಿನಕ್ಕೆ ಗಾಯವನ್ನು ಮಾಯಿಸುವ ಗುಣವುಂಟೆಂಬ ವಿಷಯದ ಮೇಲೆ ಅಮೆರಿಕಾ ದೇಶದಲ್ಲಿ ೧೯೯೫ನೆಯ ಇಸವಿಯಲ್ಲಿ ಕೊಟ್ಟಿದ್ದ ಪೇಟೆಂಟು, ಭಾರತದ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಲಿಯವರ ತಕರಾರಿನ ಮೇಲೆ ೧೯೯೭ರಲ್ಲಿ ರದ್ದಾಯಿತು.

ವರ್ತಕರ ಸರಕಿನ ಗುರುತನ್ನು ಕಾಪಾಡುವುದು ವ್ಯಾಪಾರ ಮುದ್ರೆ. ಒಂದು ಸೀಮೆಯ ಮಣ್ಣು, ಹವೆ, ಕೈಗುಣಗಳಿಂದ ಪ್ರಸಿದ್ಧಿಗೆ ಬಂದ ಪದಾರ್ಥದ ಹೆಸರನ್ನು ಕಾಪಾಡುವುದು ಭೌಗೋಳಿಕ ಗುರುತು. ನಂಜನಗೂಡಿನ ರಸಬಾಳೆ, ಮೈಸೂರಿನ ವೀಳ್ಯದೆಲೆ, ಕೊಡಗಿನ ಕಿತ್ತಳೆ, ಬ್ಯಾಡಗಿ ಮೆಣಸಿನಕಾಯಿ ಇವು ಈ ಗುರುತನ್ನು ಪಡೆದಿವೆ. ಇದು ಒಬ್ಬನ ಸ್ವತ್ತಲ್ಲ. ಆ ಸೀಮೆಯ ಬೆಳೆಗಾರರೆಲ್ಲರಿಗೂ ಸೇರಿದ್ದು.

ತಳಿಯ ಸ್ವಾಮ್ಯ

ಭಾರತದಲ್ಲಿ ಗಿಡಗಳಿಗೂ ಬೀಜಗಳಿಗೂ ಪೇಟೆಂಟು ಕೊಡುವುದಿಲ್ಲ. ಅವುಗಳಿಗಾಗಿಯೇ ಸಸ್ಯ ತಳಿಗಳ ರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆಯು ೨೦೦೧ನೆಯ ಇಸವಿಯಲ್ಲಿ ಆಯಿತು. ಇದರ ಪ್ರಾಧಿಕಾರವು ನವದೆಹಲಿಯಲ್ಲಿದೆ. ಹೊಸ ತಳಿಯು ರಿಜಿಸ್ಟರಾಗಬೇಕಾದರೆ ನಾಲ್ಕು ಲಕ್ಷಣಗಳಿರಬೇಕು: ಅದು ಹೊಸದಾಗಿರಬೇಕು, ಇತರ ತಳಿಗಳಿಂದ ಸ್ಪಷ್ಟವಾಗಿ ಬೇರೆಯೆಂದು ತೋರಬೇಕು, ಗಿಡಗಳೆಲ್ಲವೂ ಒಂದೇ ಸಮನಾಗಿರಬೇಕು, ಮರುಬಿತ್ತನೆಯಲ್ಲಿಯೂ ಗುಣ ಕೆಡದಿರಬೇಕು. ರಿಜಿಸ್ಟರಾದ ಮೇಲೆ ಅದರ ಬೀಜವನ್ನು ಉತ್ಪತ್ತಿಮಾಡಿ ಮಾರುವ ಹಕ್ಕು, ಪೈರುಗಳಲ್ಲಿ ಒಟ್ಟು ೧೫ ವರ್ಷ, ಮರ ಮತ್ತು ಬಳ್ಳಿಗಳಲ್ಲಿ ೧೮ ವರ್ಷ, ತಳಿಗಾರರಿಗೇ ಸೇರುತ್ತದೆ.

ರೈತರ ಹಕ್ಕುಗಳು

ಹಾಗಾದರೆ ರಕ್ಷಿತ ತಳಿಯ ಪೈರಿನಿಂದ ರೈತನು ಮುಂದಿನ ವರ್ಷಕ್ಕೆ ಬೀಜವನ್ನು ತೆಗೆದಿರಿಸಬಹುದೇ? ನಿಸ್ಸಂಶಯವಾಗಿ ಇರಿಸಬಹುದು. ಕಾಯಿದೆಯ ೩೯ನೆಯ ವಿಧಿಯಂತೆ, ಹಿಂದಿನಿಂದ ನಡೆದುಬಂದ ರೀತಿಯಲ್ಲಿಯೇ ಬೀಜವನ್ನು ಕಾಪಿಡಲು, ಮರಳಿ ಬಿತ್ತಲು, ನೆರೆಹೊರೆಯವರೊಡನೆ ವಿನಿಮಯ ಮಾಡಲು, ಮಾರಲು ಸಹ ರೈತನಿಗೆ ಹಕ್ಕುಂಟು. ನಿಷೇಧವಿರುವುದು ಒಂದಕ್ಕೇ: ರಕ್ಷಿತ ತಳಿಯೆಂದು ಚೀಟಿ ಅಂಟಿಸಿದ ಚೀಲಗಳಲ್ಲಿ ಆ ಬೀಜವನ್ನು ಮಾರಕೂಡದು.

ಇದಲ್ಲದೆ, ತಳಿಗಾರರು ಹೇಳಿದಷ್ಟು ಫಸಲು ಬಾರದಿದ್ದಲ್ಲಿ ರೈತನು ಪ್ರಾಧಿಕಾರದ ಮುಂದೆ ಪರಿಹಾರವನ್ನು ಕೇಳಬಹುದು. ಇಂಥ ಸ್ವಾಮ್ಯವೊಂದಿದೆಯೆಂದು ಅರಿಯದೆ ನಡೆದ ರೈತನು ತಪ್ಪಿತಸ್ಥನೆನಿಸುವುದಿಲ್ಲ. ೨೦೧೯ರಲ್ಲಿ ಗುಜರಾತಿನ ಕೆಲವು ಆಲೂಗೆಡ್ಡೆ ಬೆಳೆಗಾರರ ಮೇಲೆ, ರಕ್ಷಿತ ತಳಿಯನ್ನು ಬೆಳೆದರೆಂದು, ಕಂಪೆನಿಯೊಂದು ದಾವೆ ಹೂಡಿತು. ಈ ೩೯ನೆಯ ವಿಧಿಯನ್ನು ಮುಂದಿಟ್ಟು ರೈತ ಸಂಘಗಳು ಪ್ರತಿಭಟಿಸಿದುವು. ಅದೇ ವರ್ಷದ ಮೇ ತಿಂಗಳಲ್ಲಿ ಕಂಪೆನಿಯು ದಾವೆಗಳನ್ನು ಹಿಂತೆಗೆದುಕೊಂಡಿತು. ತನ್ನ ಹಕ್ಕನ್ನು ಅರಿಯದ ರೈತನು ನೋಟೀಸು ಬಂದೊಡನೆಯೇ ಹೆದರಿ ಒಪ್ಪಿಕೊಂಡುಬಿಡುವ ಸಂಭವವುಂಟೆಂಬುದನ್ನು ಇಲ್ಲಿ ನೆನೆಯತಕ್ಕದ್ದು.

ರೈತನೇ ತಳಿಗಾರನಾದಾಗ

ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯ ನಾಂದೇಡ್ ಗ್ರಾಮದ ಸಣ್ಣ ಹಿಡುವಳಿದಾರರಾದ ದಾದಾಜಿ ಖೋಬ್ರಾಗಡೆಯವರು ೧೯೮೦ರ ದಶಕದಲ್ಲಿ ತಮ್ಮ ಗದ್ದೆಯಲ್ಲಿ ಬೇರೆಯಾಗಿ ಕಂಡ ಕೆಲವು ತೆನೆಗಳನ್ನು ಆಯ್ದು, ವರ್ಷ ವರ್ಷವೂ ಪ್ರತ್ಯೇಕವಾಗಿ ಬಿತ್ತಿ, ಸಣ್ಣ ಕಾಳಿನ ಒಂದು ಬತ್ತದ ತಳಿಯನ್ನು ನೆಲೆಗೊಳಿಸಿದರು. ಆಗ ಬಹಳ ಹೆಸರಾಗಿದ್ದ ಎಚ್.ಎಂ.ಟಿ. ಕೈಗಡಿಯಾರದ ಹೆಸರೇ ಆ ಬತ್ತಕ್ಕೂ ಬಂದಿತು. ತಳಿಯು ಹಲವು ರಾಜ್ಯಗಳಿಗೆ ಹಬ್ಬಿತು. ಬೀಜದ ವ್ಯಾಪಾರದಿಂದ ಪರರಿಗೆ ಲಾಭವಾಯಿತು. ಆ ಕಾಲಕ್ಕೆ ಈ ಕಾಯಿದೆಯಿಲ್ಲದ್ದರಿಂದ ಅವರಿಗೆ ಕೀರ್ತಿ ಬಂದಷ್ಟು ಹಣ ಬರಲಿಲ್ಲ. ೨೦೧೮ರಲ್ಲಿ ಅವರು ಬಡತನದಲ್ಲಿಯೇ ಕಾಲವಾದರು.

ಇದಕ್ಕೆ ವಿರುದ್ಧವಾದ ದೃಷ್ಟಾಂತವು ತುಮಕೂರು ಜಿಲ್ಲೆಯ ಚೇಳೂರಿನಲ್ಲಿದೆ. ಅಲ್ಲಿಯ ರೈತರೊಬ್ಬರ ತೋಟದಲ್ಲಿದ್ದ ಕೆಂದೊಳೆಯ ಹಲಸಿನ ಮರವನ್ನು ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಪರೀಕ್ಷಿಸಿ, ಅದರ ಕಸಿಸಸಿಗಳನ್ನು ಬೆಳೆಸಲು ೨೦೧೭ರಲ್ಲಿ ಕರಾರು ಮಾಡಿಕೊಂಡರು. ‘ಸಿದ್ದು’ ಎಂಬ ಹೆಸರಿನ ಈ ಸಸಿಗಳ ಮಾರಾಟದ ಹಣದಲ್ಲಿ ಶೇಕಡ ೭೫ ಭಾಗವು ಮರದ ಒಡೆಯರಿಗೆ ಸಲ್ಲುವಂತೆ ಏರ್ಪಾಡಾಯಿತು. ಎರಡು ಕಡೆಯೂ ಪದಾರ್ಥವು ಉತ್ತಮವಾದುದೇ. ಮೊದಲನೆಯದಕ್ಕೆ ಇಲ್ಲದಿದ್ದ ಬರಹದ ಆಧಾರವು ಎರಡನೆಯದಕ್ಕೆ ಇದ್ದಿತು.

ಅರ್ಜಿಯ ಕ್ರಮ

ರೈತರು ತಲೆಮಾರುಗಳಿಂದ ಕಾಪಾಡಿಬಂದ ತಳಿಯನ್ನೂ ರಿಜಿಸ್ಟರು ಮಾಡಿಸಬಹುದು. ಅದು ಹೊಸದಾಗಿರಬೇಕೆಂಬ ನಿಯಮವಿಲ್ಲ. ಅರ್ಜಿಯಲ್ಲಿ ತಳಿಯ ಹೆಸರು, ಗಿಡದ ಎತ್ತರ, ಕಾಳಿನ ಬಣ್ಣ, ಕೊಯ್ಲಿನ ಕಾಲ ಮೊದಲಾದ ಲಕ್ಷಣಗಳನ್ನು ವಿವರಿಸಿ, ಬೀಜದ ಮಾದರಿಯನ್ನು ಒಪ್ಪಿಸತಕ್ಕದ್ದು. ಜಿಲ್ಲಾ ಕೃಷಿ ಅಧಿಕಾರಿಗಳ, ಕೃಷಿ ವಿಶ್ವವಿದ್ಯಾನಿಲಯದ ಸಂಶೋಧನಾ ನಿರ್ದೇಶಕರ, ಇಲ್ಲವೆ ಪಂಚಾಯತಿಯ ಜೀವವೈವಿಧ್ಯ ಸಮಿತಿಯವರ ದೃಢೀಕರಣವು ಬೇಕು. ರೈತರಿಗೆ ಶುಲ್ಕವಿಲ್ಲ.

ಆದಕಾರಣ ಹೊಲದಲ್ಲಿ ವಿಶೇಷವಾದ ತೆನೆಯಾಗಲಿ ಹಣ್ಣಾಗಲಿ ಕಂಡುಬಂದರೆ, ಅದನ್ನು ಬೇರೆಯಾಗಿ ಬಿತ್ತಿ, ಬಿತ್ತಿದ ದಿನ, ಬಂದ ಫಸಲು ಇವನ್ನು ಪುಸ್ತಕದಲ್ಲಿ ಗುರುತುಹಾಕುತ್ತ ಬರುವುದು ಮೊದಲನೆಯ ಕೆಲಸ. ಬೀಜವನ್ನು ಪರರಿಗೆ ಕೊಡುವುದಕ್ಕೆ ಮೊದಲು ಹತ್ತಿರದ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸುವುದು ಎರಡನೆಯದು. ಬೀಜವನ್ನು ಹಂಚಿಕೊಳ್ಳುವುದು ಈ ನಾಡಿನ ರೈತರ ಹಳೆಯ ಧರ್ಮ. ಕಾಯಿದೆಯು ಅದನ್ನು ತಡೆಯುವುದಿಲ್ಲ. ಹಂಚಿದವನ ಹೆಸರು ಅಳಿಯದಂತೆ ನೋಡಿಕೊಳ್ಳುವುದಷ್ಟೇ ಅದರ ಉದ್ದೇಶ.