ಬೀದಿಗೊಂದು ಕುಂಡದ ತೋಟ

ಬೆಂಗಳೂರಿನಂತಹ ಊರಿನಲ್ಲಿ 30×40 ಅಡಿಯ ನಿವೇಶನದಲ್ಲಿ ಮನೆ ಕಟ್ಟಿದ ಮೇಲೆ ಮುಂದುಗಡೆ ಉಳಿಯುವುದು ನಾಲ್ಕೈದು ಅಡಿ ಅಗಲದ ಜಾಗ. ಅದಕ್ಕೂ ಸಾಮಾನ್ಯವಾಗಿ ಗಾರೆ ಹಾಕಿಬಿಟ್ಟಿರುತ್ತಾರೆ. ಹಳ್ಳಿಯಿಂದ ಮಗನ ಮನೆಗೋ ಮಗಳ ಮನೆಗೋ ಬಂದ ರೈತನ ಕಣ್ಣಿಗೆ ಮೊದಲು ಬೀಳುವುದು ಇದೇ. ಒಂದು ಕರಿಬೇವಿನ ಗಿಡ ನೆಡಲೂ ಮಣ್ಣಿಲ್ಲವಲ್ಲ ಎಂದು ಆತ ನಿಟ್ಟುಸಿರು ಬಿಡುತ್ತಾನೆ.

ಆದರೆ ನೆಲದಲ್ಲಿ ಮಣ್ಣಿಲ್ಲದಿದ್ದರೂ ಕುಂಡದಲ್ಲಿ ಮಣ್ಣು ತುಂಬಬಹುದು. ಒಂದೇ ಬೀದಿಯ ಹತ್ತು ಹನ್ನೆರಡು ಮನೆಯವರು ಸೇರಿ ತಮ್ಮ ತಮ್ಮ ಮನೆಯ ಮುಂದೆ ಕುಂಡಗಳನ್ನಿಟ್ಟು, ಗೊಬ್ಬರ, ಸಸಿ, ದುಡಿಮೆ ಇವುಗಳನ್ನು ಹಂಚಿಕೊಂಡರೆ ಅದೇ ಒಂದು ಸಣ್ಣ ತೋಟವಾಗುತ್ತದೆ. ಇಂತಹ ತೋಟವನ್ನು ಮಾಡುವ ಬಗೆಯನ್ನೂ ಅದರಿಂದ ಹಳ್ಳಿಯ ರೈತನಿಗೆ ಏನು ಪ್ರಯೋಜನ ಎಂಬುದನ್ನೂ ಇಲ್ಲಿ ವಿವರಿಸಲಾಗಿದೆ.

ರೈತನಿಗೇಕೆ ಈ ಮಾತು?

ಪಟ್ಟಣದವರ ಕುಂಡಕ್ಕೂ ನಮ್ಮ ಹೊಲಕ್ಕೂ ಏನು ಸಂಬಂಧ ಎಂದು ಕೆಲವರು ಕೇಳಬಹುದು. ಸಂಬಂಧ ಎರಡು ಬಗೆಯದು.

ಮೊದಲನೆಯದು ಕಸ. ಹಳ್ಳಿಯಿಂದ ಪಟ್ಟಣಕ್ಕೆ ಹೋದ ಸೊಪ್ಪು ತರಕಾರಿಯ ಸಿಪ್ಪೆ, ದಂಟು, ಕೊಳೆತ ಭಾಗ ಲಾರಿಗಳಲ್ಲಿ ತುಂಬಿ ಮತ್ತೆ ಹಳ್ಳಿಯ ಅಂಚಿಗೇ ಬಂದು ಬೀಳುತ್ತವೆ. ಬೆಂಗಳೂರಿನ ಸುತ್ತಲ ಮಾವಳ್ಳಿಪುರ ಮತ್ತು ಮಂಡೂರು ಗ್ರಾಮಗಳ ಜನ ಇದರ ಫಲವನ್ನು ಉಂಡಿದ್ದಾರೆ. ನೊಣ, ದುರ್ನಾತ, ಕೆಟ್ಟುಹೋದ ಬಾವಿಯ ನೀರು ಇವುಗಳಿಂದ ಬೇಸತ್ತು ಜನ ಪ್ರತಿಭಟಿಸಿದ ಮೇಲೆ ಮಾವಳ್ಳಿಪುರದಲ್ಲಿ 2012ರಲ್ಲಿಯೂ ಮಂಡೂರಿನಲ್ಲಿ 2014ರ ಕೊನೆಯಲ್ಲಿಯೂ ಕಸ ಸುರಿಯುವುದು ನಿಂತಿತು. ಒಂದು ಊರಿನಲ್ಲಿ ನಿಂತರೆ ಕಸ ಇನ್ನೊಂದು ಊರನ್ನು ಹುಡುಕುತ್ತದೆ. ಹುಟ್ಟಿದ ಬೀದಿಯಲ್ಲಿಯೇ ಅದು ಗೊಬ್ಬರವಾದರೆ ಮಾತ್ರ ಈ ತೊಂದರೆ ತಗ್ಗುವುದು.

ಎರಡನೆಯದು ನೀರು. ಬೆಂಗಳೂರಿಗೆ ಕಾವೇರಿ ನೀರು ಸುಮಾರು 100 ಕಿ.ಮೀ. ದೂರದ, ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ ಪಂಪುಗಳ ಮೂಲಕ ಬರುತ್ತದೆ. 2024ರ ಮಾರ್ಚ್ ತಿಂಗಳಲ್ಲಿ ನೀರಿನ ಅಭಾವ ತೀವ್ರವಾದಾಗ ಬೆಂಗಳೂರು ಜಲಮಂಡಳಿಯು ಕುಡಿಯುವ ನೀರನ್ನು ಕೈತೋಟಕ್ಕೆ ಬಳಸುವುದನ್ನು ನಿಷೇಧಿಸಿ, ತಪ್ಪಿದವರಿಗೆ 5,000 ರೂ. ದಂಡವನ್ನು ಗೊತ್ತುಪಡಿಸಿತು. ನಾಲೆಯ ಕೊನೆಯಂಚಿನ ಗದ್ದೆಗೆ ನೀರು ತಲುಪದ ವರ್ಷದಲ್ಲಿ ಪಟ್ಟಣದ ಕುಂಡಕ್ಕೆ ನಲ್ಲಿಯ ನೀರನ್ನು ಸುರಿಯುವುದು ಸರಿಯಲ್ಲ. ಆದ್ದರಿಂದ ಬೀದಿಯ ತೋಟ ಮಾಡುವವರು ಎರಡು ನಿಯಮಗಳನ್ನು ತಪ್ಪದೆ ಪಾಲಿಸಬೇಕು: ಗೊಬ್ಬರ ಅಡುಗೆ ಮನೆಯ ಕಸದಿಂದ, ನೀರು ಒಮ್ಮೆ ಬಳಸಿದ್ದರಿಂದ ಅಥವಾ ಮಳೆಯಿಂದ. ಇವೆರಡಕ್ಕೂ ಒಪ್ಪದವರು ಕುಂಡವನ್ನು ಕೊಳ್ಳದಿರುವುದೇ ಒಳ್ಳೆಯದು.

ಒಬ್ಬರಿಗಿಂತ ಹನ್ನೆರಡು ಮನೆ ಲೇಸು

ಬೆಂಗಳೂರಿಗೆ ತಾರಸಿ ತೋಟ ಹೊಸದೇನಲ್ಲ. ಕೃಷಿ ವಿಶ್ವವಿದ್ಯಾನಿಲಯದಲ್ಲಿ ಕೀಟಶಾಸ್ತ್ರ ಪ್ರಾಧ್ಯಾಪಕರಾಗಿದ್ದ ಡಾ. ಬಿ. ಎನ್. ವಿಶ್ವನಾಥ್ ಅವರು ಸಾವಯವ ತಾರಸಿ ತೋಟದ ತರಬೇತಿ ನೀಡಿ ಇದನ್ನು ಜನಪ್ರಿಯಗೊಳಿಸಿದರು. ಆದರೂ ಉತ್ಸಾಹದಿಂದ ಆರಂಭಿಸಿದ ಅನೇಕ ತೋಟಗಳು ಬೇಸಿಗೆ ರಜೆಯಲ್ಲಿ ಒಣಗುತ್ತವೆ. ಮನೆಯವರು ಹದಿನೈದು ದಿನ ಊರಿಗೆ ಹೋದರೆ ಕುಂಡಕ್ಕೆ ನೀರು ಹಾಕುವವರಿಲ್ಲ. ನೆಲದ ಗಿಡದ ಬೇರು ಆಳಕ್ಕೆ ಇಳಿದು ತೇವವನ್ನು ಹುಡುಕಬಲ್ಲದು. ಕುಂಡದ ಗಿಡಕ್ಕೆ ಆ ಅನುಕೂಲವಿಲ್ಲ. ಏಪ್ರಿಲ್ ಬಿಸಿಲಿನಲ್ಲಿ ಎರಡು ದಿನ ತಪ್ಪಿದರೆ ಸಾಕು, ಮೂರು ತಿಂಗಳ ದುಡಿಮೆ ಹಾಳು.

ಮನೆಯ ಮುಂದಿನ ತೋಟಕ್ಕೆ ಇಲ್ಲಿ ಒಂದು ಸೌಕರ್ಯವುಂಟು. ನೆರೆಯವರು ಗೇಟಿನಿಂದಲೇ ನೀರು ಹಾಕಬಹುದು. ಕುಂಡದ ಭಾರ ನೆಲದ ಮೇಲೆಯೇ ಇರುವುದರಿಂದ ತಾರಸಿ ಸೋರುವ ಭಯವೂ ಇಲ್ಲ. ಹನ್ನೆರಡು ಮನೆಗಳಿದ್ದರೆ ಮೂರು ಮೂರು ಮನೆಗಳ ನಾಲ್ಕು ಗುಂಪು ಮಾಡಿಕೊಳ್ಳಬೇಕು. ಒಂದು ಗುಂಪಿನ ಯಾರಾದರೂ ಊರಿಗೆ ಹೋದರೆ ಉಳಿದವರು ನೀರು ನೋಡಿಕೊಳ್ಳಬೇಕು. ಹಳ್ಳಿಯಲ್ಲಿ ಮುಯ್ಯಾಳು ಪದ್ಧತಿ ಇದ್ದಂತೆಯೇ ಇದು.

ಹಳ್ಳಿಯಿಂದ ಬಂದು ಮಕ್ಕಳ ಮನೆಯಲ್ಲಿರುವ ಹಿರಿಯರು ಇಂತಹ ಕೆಲಸಕ್ಕೆ ಮುಂದಾಳುಗಳಾಗಬಹುದು. ಯಾವ ಹದದಲ್ಲಿ ಬಿತ್ತಬೇಕು, ಎಲೆ ಬಾಡಿದ್ದು ನೀರು ಸಾಲದೆಯೋ ಹೆಚ್ಚಾಗಿಯೋ ಎಂಬುದನ್ನು ಅವರಷ್ಟು ಬಲ್ಲವರು ಬೀದಿಯಲ್ಲಿ ಬೇರೆ ಯಾರೂ ಇರುವುದಿಲ್ಲ.

ಕುಂಡ ಮತ್ತು ಜಾಗ

ಬೆಂಡೆ, ಬದನೆ, ಟೊಮ್ಯಾಟೊ, ಮೆಣಸಿನಕಾಯಿಗಳಿಗೆ ದಿನಕ್ಕೆ 5-6 ಗಂಟೆ ಬಿಸಿಲು ಬೇಕು. ಸೊಪ್ಪುಗಳು 3-4 ಗಂಟೆ ಬಿಸಿಲಿನಲ್ಲಿಯೂ ಬರುತ್ತವೆ. ಪುದೀನ ಅರೆ ನೆರಳನ್ನು ಸಹಿಸುತ್ತದೆ. ಆದ್ದರಿಂದ ಬೀದಿಯ ಯಾವ ಮಗ್ಗುಲಿನ ಮನೆಗೆ ಎಷ್ಟು ಬಿಸಿಲು ಬೀಳುತ್ತದೆಂದು ಮೊದಲು ಗಮನಿಸಿ, ಬಿಸಿಲಿರುವ ಮನೆಗೆ ಹಣ್ಣುತರಕಾರಿ, ನೆರಳಿರುವ ಮನೆಗೆ ಸೊಪ್ಪು ಎಂದು ಹಂಚುವುದು ಸೂಕ್ತ. ಒಬ್ಬೊಬ್ಬರೇ ಮಾಡಿದರೆ ಈ ಅನುಕೂಲ ಸಿಗದು.

ಸೊಪ್ಪಿಗೆ 15-20 ಸೆಂ.ಮೀ. ಆಳದ ಅಗಲವಾದ ತೊಟ್ಟಿ ಸಾಕು. ಹಣ್ಣುತರಕಾರಿಗಳಿಗೆ ಕನಿಷ್ಠ 30 ಸೆಂ.ಮೀ. ಆಳ ಬೇಕು. ಮಣ್ಣಿನ ಕುಂಡವೇ ಆಗಬೇಕೆಂದಿಲ್ಲ. ಹಳೆಯ ಬಕೆಟ್ಟು, ಎಣ್ಣೆ ಡಬ್ಬ, ಗಟ್ಟಿ ಪ್ಲಾಸ್ಟಿಕ್ ಚೀಲ ಎಲ್ಲವೂ ನಡೆಯುತ್ತವೆ. ಕೀಟನಾಶಕ ಅಥವಾ ರಾಸಾಯನಿಕ ತುಂಬಿದ್ದ ಡಬ್ಬಗಳನ್ನು ಎಷ್ಟು ತೊಳೆದರೂ ಬಳಸಕೂಡದು. ತಳದಲ್ಲಿ ನಾಲ್ಕೈದು ರಂಧ್ರಗಳಿರಬೇಕು. ಕುಂಡವನ್ನು ಎರಡು ಇಟ್ಟಿಗೆಗಳ ಮೇಲೆ ಇಟ್ಟರೆ ನೀರು ಸರಾಗವಾಗಿ ಬಸಿಯುತ್ತದೆ. ಕುಂಡದ ಕೆಳಗಿನ ತಟ್ಟೆಯಲ್ಲಿ ನೀರು ನಿಲ್ಲಲು ಬಿಟ್ಟರೆ ಡೆಂಗಿ ಹರಡುವ ಸೊಳ್ಳೆಗಳು ಬೆಳೆಯುತ್ತವೆ. ಆದ್ದರಿಂದ ತಟ್ಟೆಯನ್ನು ಇಡದಿರುವುದೇ ಮೇಲು. ಕಾಲುದಾರಿಗೂ ಚರಂಡಿಗೂ ಅಡ್ಡವಾಗದಂತೆ ಎಲ್ಲ ಕುಂಡಗಳನ್ನೂ ಮನೆಯ ಎಲ್ಲೆಯ ಒಳಗೇ ಜೋಡಿಸಬೇಕು.

ಮಣ್ಣಿನ ಮಿಶ್ರಣ

ಕೆಂಪು ಮಣ್ಣು ಒಂದು ಪಾಲು, ಚೆನ್ನಾಗಿ ಕಳಿತ ಗೊಬ್ಬರ ಒಂದು ಪಾಲು, ಮರಳು ಅಥವಾ ತೊಳೆದ ತೆಂಗಿನ ನಾರಿನ ಪುಡಿ ಒಂದು ಪಾಲು ಬೆರೆಸಬೇಕು. ದೊಡ್ಡ ಕುಂಡವೊಂದಕ್ಕೆ ಒಂದು ಹಿಡಿ ಬೇವಿನ ಹಿಂಡಿ ಸೇರಿಸುವುದು ಒಳ್ಳೆಯದು. ಮೇಲ್ಗಡೆ ಎರಡು ಬೆರಳಿನಷ್ಟು ಜಾಗವನ್ನು ನೀರಿಗೆ ಬಿಡಬೇಕು. ಬೆಳೆ ಮುಗಿದ ಮೇಲೆ ಮಣ್ಣನ್ನು ಚೆಲ್ಲಬಾರದು. ಬಿಸಿಲಿಗೆ ಹರಡಿ ಒಣಗಿಸಿ, ಕಾಲು ಪಾಲು ಹೊಸ ಗೊಬ್ಬರ ಬೆರೆಸಿ ಮತ್ತೆ ತುಂಬಬೇಕು. ಟೊಮ್ಯಾಟೊ ಬೆಳೆದ ಮಣ್ಣಿಗೆ ಮತ್ತೆ ಟೊಮ್ಯಾಟೊ, ಬದನೆ, ಮೆಣಸಿನಕಾಯಿ ಹಾಕದೆ ಸೊಪ್ಪನ್ನೋ ಅವರೆಯನ್ನೋ ಹಾಕಬೇಕು.

ಇಲ್ಲಿ ರೈತ ಬಾಂಧವರಿಗೆ ಒಂದು ಎಚ್ಚರಿಕೆಯ ಮಾತು. ಪಟ್ಟಣದ ತೋಟಗಳಿಗೆ ಟ್ರ್ಯಾಕ್ಟರುಗಟ್ಟಲೆ ಕೆಂಪು ಮಣ್ಣು ಕೇಳಿಕೊಂಡು ಬರುವವರಿದ್ದಾರೆ. ಹೊಲದ ಮೇಲ್ಮಣ್ಣನ್ನು ಯಾವ ಬೆಲೆಗೂ ಮಾರಬೇಡಿ. ಒಂದು ದಿನದಲ್ಲಿ ಹೋದ ಮೇಲ್ಮಣ್ಣು ಒಂದು ತಲೆಮಾರಿನಲ್ಲಿಯೂ ಮರಳಿ ಬಾರದು. ಪಟ್ಟಣದಲ್ಲಿ ಮನೆ ಕಟ್ಟಲು ತೋಡುವ ಪಾಯದ ಮಣ್ಣು ಬೇಕಾದಷ್ಟು ಸಿಗುತ್ತದೆ. ಗಾರೆ, ಸುಣ್ಣ ಬೆರೆಯದ ಆ ಮಣ್ಣಿಗೆ ಗೊಬ್ಬರ ಸೇರಿಸಿದರೆ ಕುಂಡಕ್ಕೆ ಧಾರಾಳವಾಯಿತು.

ಕಸದಿಂದ ಗೊಬ್ಬರ

ಒಂದು ಮನೆಯಲ್ಲಿ ದಿನಕ್ಕೆ ಮುಕ್ಕಾಲು ಕಿ.ಗ್ರಾಂ. ಹಸಿ ಕಸ ಎಂದಿಟ್ಟುಕೊಂಡರೂ ಹನ್ನೆರಡು ಮನೆಗಳಿಂದ ದಿನಕ್ಕೆ 9 ಕಿ.ಗ್ರಾಂ., ತಿಂಗಳಿಗೆ 270 ಕಿ.ಗ್ರಾಂ. ಆಗುತ್ತದೆ. ಮೂರು ಮನೆಗಳ ಪ್ರತಿ ಗುಂಪೂ ಪಕ್ಕದಲ್ಲಿ ಗಾಳಿರಂಧ್ರಗಳಿರುವ, ಮುಚ್ಚಳವಿರುವ ಎರಡು ಡ್ರಮ್ಮುಗಳನ್ನು ಇಟ್ಟುಕೊಳ್ಳಬೇಕು. ತಳಕ್ಕೆ ನಾಲ್ಕು ಬೆರಳು ದಪ್ಪ ಒಣ ಎಲೆ ಹಾಕಿ, ಮೇಲೆ ಕತ್ತರಿಸಿದ ಸಿಪ್ಪೆ, ಅದರ ಮೇಲೆ ಮತ್ತೆ ಒಣ ಎಲೆ, ಹೀಗೆ ಪದರ ಪದರವಾಗಿ ತುಂಬಬೇಕು. ವಾರಕ್ಕೊಮ್ಮೆ ಸಗಣಿ ಬಗ್ಗಡ ಅಥವಾ ಹುಳಿ ಮಜ್ಜಿಗೆ ಚಿಮುಕಿಸಿ ಕೋಲಿನಿಂದ ಕಲಕಬೇಕು. ಮಾಂಸ, ಮೀನು, ಎಣ್ಣೆ ಪದಾರ್ಥ ಹಾಕಿದರೆ ಇಲಿ ಹೆಗ್ಗಣಗಳು ಬರುತ್ತವೆ.

ನಾತ ಬಂದರೆ ತೇವ ಹೆಚ್ಚಾಗಿದೆಯೆಂದು ತಿಳಿದು ಒಣ ಎಲೆಯನ್ನು ಹೆಚ್ಚಿಸಬೇಕು. ಒಂದು ಡ್ರಮ್ಮು ತುಂಬಿದ ಮೇಲೆ ಅದನ್ನು ಹಾಗೆಯೇ ಬಿಟ್ಟು ಎರಡನೆಯದನ್ನು ತುಂಬತೊಡಗಬೇಕು. ಸುಮಾರು ಎರಡು ತಿಂಗಳಲ್ಲಿ ಮೊದಲನೆಯದು ಕಪ್ಪಗೆ, ಪುಡಿಪುಡಿಯಾಗಿ, ಮಳೆ ಬಿದ್ದ ಮಣ್ಣಿನ ವಾಸನೆಯ ಗೊಬ್ಬರವಾಗಿರುತ್ತದೆ. ಬೀದಿಯ ಮರಗಳ ಎಲೆಯನ್ನು ಸುಡುವ ಬದಲು ಚೀಲದಲ್ಲಿ ತುಂಬಿಟ್ಟುಕೊಂಡರೆ ವರ್ಷವಿಡೀ ಉಪಯೋಗಕ್ಕೆ ಬರುತ್ತದೆ.

ನೀರಿನ ಲೆಕ್ಕ

ಹನ್ನೆರಡು ಮನೆ, ಮನೆಗೆ ಹತ್ತು ಕುಂಡ, ಒಟ್ಟು 120 ಕುಂಡ. ಬೇಸಿಗೆಯಲ್ಲಿ ಕುಂಡಕ್ಕೆ ದಿನಕ್ಕೆ ಸರಾಸರಿ ಒಂದು ಲೀಟರ್ ಎಂದರೆ 120 ಲೀಟರ್. ಅಂದರೆ ಮನೆಗೆ 10 ಲೀಟರ್. ಅಕ್ಕಿ, ಬೇಳೆ, ಸೊಪ್ಪು, ತರಕಾರಿ ತೊಳೆದ ನೀರನ್ನು ಒಂದು ಬಕೆಟ್ಟಿಗೆ ಹಿಡಿದರೆ ಇದರ ಬಹುಭಾಗ ದೊರೆಯುತ್ತದೆ. ಸೋಪು, ಸೋಡದ ನೀರನ್ನು ಸೊಪ್ಪಿಗೆ ಹಾಕಬಾರದು.

ಉಳಿದದ್ದನ್ನು ಮಳೆ ಕೊಡುತ್ತದೆ. 100 ಚದರ ಮೀಟರ್ ತಾರಸಿಯ ಮೇಲೆ 10 ಮಿ.ಮೀ. ಮಳೆ ಬಿದ್ದರೆ 1,000 ಲೀಟರ್ ನೀರು. ಸೋರಿ ಹೋಗುವುದನ್ನು ಬಿಟ್ಟರೂ ಒಂದು ಡ್ರಮ್ಮು ತುಂಬಲು ಇದು ಬೇಕಾದಷ್ಟಾಯಿತು. ಮಣ್ಣಿನ ಮೇಲೆ ಒಣ ಎಲೆಯ ಹೊದಿಕೆ ಹಾಕಿದರೆ ನೀರು ಆರುವುದು ಬಹಳ ಕಡಿಮೆಯಾಗುತ್ತದೆ. ಬೆರಳನ್ನು ಮಣ್ಣಿಗೆ ಒತ್ತಿ ನೋಡಿ, ಒಂದು ಗೆಣ್ಣಿನ ಆಳದವರೆಗೆ ಒಣಗಿದ್ದರೆ ಮಾತ್ರ ನೀರು ಹಾಕಬೇಕು.

ಬೆಳೆಯ ಸರದಿ

ಹತ್ತು ಕುಂಡಗಳಲ್ಲಿ ನಾಲ್ಕನ್ನು ಸೊಪ್ಪಿಗೆ ಮೀಸಲಿಡಬೇಕು. ಉಳಿದವುಗಳಲ್ಲಿ ಮೆಣಸಿನಕಾಯಿ, ಟೊಮ್ಯಾಟೊ, ಬದನೆ, ಬೆಂಡೆ ಅಥವಾ ಅವರೆ, ಪುದೀನ, ಕರಿಬೇವು ಹಾಕಬಹುದು.

ದಂಟು, ಮೆಂತ್ಯ ಬಿತ್ತಿದ 25-30 ದಿನಗಳಲ್ಲಿ ಕೊಯ್ಲಿಗೆ ಬರುತ್ತವೆ. ಮೊದಲನೆಯ ಗುಂಪು ಮೊದಲನೆಯ ವಾರ, ಎರಡನೆಯ ಗುಂಪು ಎರಡನೆಯ ವಾರ, ಹೀಗೆ ಸರದಿಯ ಮೇಲೆ ಬಿತ್ತಿದರೆ ತಿಂಗಳಾದ ನಂತರ ಪ್ರತಿ ವಾರವೂ ಮೂರು ಮನೆಗಳ ಹನ್ನೆರಡು ತೊಟ್ಟಿ ಸೊಪ್ಪು ಸಿದ್ಧವಾಗಿರುತ್ತದೆ. ಮನೆಗೊಂದು ತೊಟ್ಟಿಯಂತೆ ಹನ್ನೆರಡು ಮನೆಗಳಿಗೂ ಹಂಚಬಹುದು. ಎಲ್ಲರೂ ಒಂದೇ ದಿನ ಬಿತ್ತಿದರೆ ಒಂದು ವಾರ ತಿನ್ನಲಾರದಷ್ಟು, ಮೂರು ವಾರ ಏನೂ ಇಲ್ಲ ಎಂಬಂತಾಗುತ್ತದೆ.

ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ತಳಿಗಳಲ್ಲಿ ಮತ್ತೆ ಮತ್ತೆ ಕತ್ತರಿಸಬಹುದಾದ ದಂಟು ಅರ್ಕಾ ಸುಗುಣ, ಪಾಲಕ್ ಅರ್ಕಾ ಅನುಪಮ, ಹಳದಿ ನಂಜು ರೋಗವನ್ನು ತಡೆದುಕೊಳ್ಳುವ ಬೆಂಡೆ ಅರ್ಕಾ ಅನಾಮಿಕ ಕುಂಡಗಳಿಗೆ ಒಪ್ಪುತ್ತವೆ. ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯದ ಹೆಬ್ಬಾಳ ಅವರೆ-4 ಗಿಡ್ಡವಾಗಿ ಬೆಳೆದು ಎಲ್ಲ ಕಾಲದಲ್ಲಿಯೂ ಕಾಯಿ ಬಿಡುವುದರಿಂದ ಕುಂಡಕ್ಕೆ ಬಹಳ ಸೂಕ್ತ. ಕೊತ್ತಂಬರಿ ಬೀಜವನ್ನು ಒಡೆದು ಎರಡು ಹೋಳು ಮಾಡಿ ಬಿತ್ತಬೇಕು. ಟೊಮ್ಯಾಟೊ ಸಸಿಯನ್ನು 25 ದಿನಕ್ಕೂ ಮೆಣಸಿನ ಸಸಿಯನ್ನು 35-40 ದಿನಕ್ಕೂ ನಾಟಿ ಮಾಡಬೇಕು.

ಕೀಟ ರೋಗ

ದಿನವೂ ಕಿತ್ತು ತಿನ್ನುವ ಬೆಳೆಗೆ, ಮಕ್ಕಳು ಆಡುವ ಜಾಗದಲ್ಲಿ, ರಾಸಾಯನಿಕ ಕೀಟನಾಶಕ ಬೇಡವೇ ಬೇಡ. ಸಸ್ಯಹೇನು, ಹಿಟ್ಟು ತಿಗಣೆ ಕಂಡ ಕೂಡಲೆ ಆ ಚಿಗುರನ್ನು ಚಿವುಟಿ ನಾಶಮಾಡಬೇಕು. ಹೆಚ್ಚಾದರೆ ಒಂದು ಲೀಟರ್ ನೀರಿಗೆ 5 ಮಿ.ಲೀ. ಬೇವಿನ ಎಣ್ಣೆ ಮತ್ತು ಸ್ವಲ್ಪ ಸೋಪಿನ ದ್ರಾವಣ ಬೆರೆಸಿ ಸಂಜೆಯ ಹೊತ್ತು ಎಲೆಯ ಕೆಳಭಾಗಕ್ಕೆ ತಗಲುವಂತೆ ಸಿಂಪಡಿಸಬೇಕು. ಮುಟುರು ರೋಗದ ಟೊಮ್ಯಾಟೊ ಗಿಡವನ್ನು ಕನಿಕರಪಡದೆ ಕೀಳಬೇಕು. ಒಂದು ಮನೆಯ ಬಿಳಿನೊಣ ಇಡೀ ಬೀದಿಯ ಗಿಡಗಳಿಗೆ ಹರಡುತ್ತದೆ. ಆದ್ದರಿಂದ ವಾರಕ್ಕೊಮ್ಮೆ ಎಲ್ಲರ ಕುಂಡಗಳನ್ನೂ ಒಬ್ಬರು ನೋಡಿ ಬರುವ ಏರ್ಪಾಡು ಅಗತ್ಯ.

ನಮ್ಮ ಮಾರುಕಟ್ಟೆಗೆ ಪೆಟ್ಟು ಬೀಳುವುದೇ?

ಪಟ್ಟಣದವರೇ ಬೆಳೆದುಕೊಂಡರೆ ನಮ್ಮ ತರಕಾರಿಯನ್ನು ಕೊಳ್ಳುವವರಾರು ಎಂಬ ಸಂಶಯ ಸಹಜ. ಲೆಕ್ಕ ಹಾಕಿ ನೋಡೋಣ. ರಾಷ್ಟ್ರೀಯ ಪೋಷಣಾ ಸಂಸ್ಥೆಯ 2024ರ ಮಾರ್ಗಸೂಚಿಯಂತೆ ವಯಸ್ಕನೊಬ್ಬನಿಗೆ ಸೊಪ್ಪೂ ಸೇರಿ ದಿನಕ್ಕೆ ಸುಮಾರು 400 ಗ್ರಾಂ ತರಕಾರಿ ಬೇಕು. ನಾಲ್ಕು ಜನರ ಸಂಸಾರಕ್ಕೆ ತಿಂಗಳಿಗೆ 48 ಕಿ.ಗ್ರಾಂ. ಆಯಿತು. ಹತ್ತು ಕುಂಡಗಳಿಂದ ಇದರ ಹತ್ತನೆಯ ಒಂದು ಪಾಲು ಬಂದರೆ ಹೆಚ್ಚು. ಉಳಿದದ್ದೆಲ್ಲ ರೈತನ ಹೊಲದಿಂದಲೇ ಹೋಗಬೇಕು.

ಇದರ ಬದಲು ಹೊಸ ಗಿರಾಕಿ ಸಿಗುತ್ತಾನೆ. 15 ಲೀಟರಿನ 120 ಕುಂಡಗಳನ್ನು ಮೊದಲ ಬಾರಿ ತುಂಬಲು ಸುಮಾರು 600 ಲೀಟರ್ ಗೊಬ್ಬರ ಬೇಕು. ಬೀದಿಯ ಸ್ವಂತ ಗೊಬ್ಬರ ಅಷ್ಟು ಹೊತ್ತಿಗೆ ಸಿದ್ಧವಿರುವುದಿಲ್ಲ. ಮನೆಗೆ ಐದರಂತೆ ಅರವತ್ತು ಸಸಿಗಳು ಪ್ರತಿ ಬೆಳೆಗೂ ಬೇಕು. ಹೊಸಕೋಟೆ, ದೇವನಹಳ್ಳಿ, ನೆಲಮಂಗಲ, ಆನೇಕಲ್ ಕಡೆಯ ರೈತರು ಎರೆಗೊಬ್ಬರ, ಬೇವಿನ ಹಿಂಡಿ, ಆರೋಗ್ಯವಂತ ಸಸಿಗಳನ್ನು ಇಂತಹ ಬೀದಿಗಳಿಗೆ ನೇರವಾಗಿ ಒದಗಿಸಬಹುದು. ಒಂದು ಬೀದಿಯಿಂದ ಬರುವ ಹಣ ಅಲ್ಪವೇ. ಹತ್ತಾರು ಬೀದಿಗಳಾದರೆ ಉಪಕಸುಬಾಗುತ್ತದೆ. ಸಸಿ ಕೊಟ್ಟವನ ಬಳಿಯೇ ತರಕಾರಿಯನ್ನೂ ಕೊಳ್ಳೋಣವೆಂಬ ನಂಬಿಕೆ ಬೆಳೆದರೆ ದಲ್ಲಾಳಿಯ ಹಂಗೂ ತಪ್ಪುತ್ತದೆ.

ಇದಕ್ಕಿಂತ ದೊಡ್ಡ ಲಾಭ ಇನ್ನೊಂದಿದೆ. ಒಂದು ಬದನೆಕಾಯಿಗೆ ಮೂರು ತಿಂಗಳು ಕಾದವನು, ಕಾಯಿಕೊರಕ ಹೊಕ್ಕ ಕಾಯನ್ನು ಕಣ್ಣಾರೆ ಕಂಡವನು, ಸಂತೆಯಲ್ಲಿ ರೈತನೊಡನೆ ಒಂದು ರೂಪಾಯಿಗೆ ಜಗ್ಗಾಡುವ ಮುನ್ನ ಕ್ಷಣ ಯೋಚಿಸುತ್ತಾನೆ.

ಮುಂದಿನ ಬಾರಿ ಪಟ್ಟಣದ ಮಕ್ಕಳ ಮನೆಗೆ ಹೋಗುವಾಗ ಹಣ್ಣಿನ ಜೊತೆಗೆ ಒಂದು ಪೊಟ್ಟಣ ದಂಟಿನ ಬೀಜವನ್ನೂ ಕೊಂಡೊಯ್ಯಿರಿ. ಮಳೆ ಹಿಡಿಯುವ ಜೂನ್ ತಿಂಗಳು ಆರಂಭಕ್ಕೆ ಅನುಕೂಲ. ಮೊದಲು ಗೊಬ್ಬರದ ಡ್ರಮ್ಮು, ಆಮೇಲೆ ಕುಂಡ ಎಂಬ ಕ್ರಮವನ್ನು ಮಾತ್ರ ತಪ್ಪಿಸಬೇಡಿ. ನಾಲ್ಕು ಮನೆಯವರು ಒಪ್ಪಿದರೂ ಆರಂಭಿಸಬಹುದು. ಮೊದಲ ಸೊಪ್ಪು ಕೊಯ್ದು ಪಕ್ಕದ ಮನೆಗೆ ಕೊಟ್ಟ ದಿನ ಐದನೆಯ ಮನೆಯವರು ತಾವಾಗಿಯೇ ಬಂದು ಕೇಳುತ್ತಾರೆ.