ತೀರ್ಪು ಹೇಳುವವರು ಯಾರು?

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯ ಹಳ್ಳಿಗಳಲ್ಲಿ ಜಗಳ ಹುಟ್ಟಿದರೆ ಹಿರಿಯರು ಕಟ್ಟೆಯ ಮೇಲೆ ಕೂಡಿ ನ್ಯಾಯ ಹೇಳುವ ವಾಡಿಕೆಯನ್ನು ನೀವು ಬಲ್ಲಿರಿ. ಹಾಗೆ ಕುಳಿತವರು ಯಾವ ಕೇರಿಯವರು ಎಂದು ಮಾತ್ರ ನಾವು ಕೇಳುವುದು ಅಪರೂಪ.

ಜ್ಯೂರಿಯ ವಿಚಾರದಲ್ಲಿಯೂ ಇದೇ ಪ್ರಶ್ನೆ ಮುಖ್ಯವಾದುದು. ಆಪಾದಿತನು ದೋಷಿಯೋ ಅಲ್ಲವೋ ಎಂದು ನಿರ್ಣಯಿಸಲು ನಾಗರಿಕರೊಳಗಿಂದ ಆರಿಸಿದ ಪಂಚರ ಮಂಡಲಿಯೇ ಜ್ಯೂರಿ. ಬ್ರಿಟಿಷರ ಆಳಿಕೆಯಲ್ಲಿ ಈ ಆಯ್ಕೆಯೊಳಗೆ ಜನಾಂಗದ ಲೆಕ್ಕ ಸೇರಿತ್ತು. ಇಲ್ಬರ್ಟ್ ಮಸೂದೆಯ ಗದ್ದಲದ ತರುವಾಯ ಬಂದ 1884ರ ಕಾಯಿದೆಯು, ಅರ್ಧಕ್ಕೆ ಕಡಿಮೆಯಿಲ್ಲದಷ್ಟು ಯುರೋಪಿಯನ್ನರು ಅಥವಾ ಅಮೆರಿಕನ್ನರು ಇರುವ ಜ್ಯೂರಿಯನ್ನು ಬೇಡುವ ಹಕ್ಕನ್ನು ಯುರೋಪಿಯನ್ ಆಪಾದಿತನಿಗೆ ಕೊಟ್ಟಿತು.

ಭಾರತೀಯನೇ ಆಪಾದಿತನಾದಾಗ ಏನಾಗುತ್ತಿತ್ತು? ಬಾಲಗಂಗಾಧರ ತಿಲಕರನ್ನು ರಾಜದ್ರೋಹಕ್ಕಾಗಿ ಮುಂಬಯಿ ಹೈಕೋರ್ಟಿನಲ್ಲಿ 1897ರಲ್ಲಿ ವಿಚಾರಣೆಗೆ ಗುರಿಪಡಿಸಿದಾಗ ಜ್ಯೂರಿಯಲ್ಲಿ ಆರು ಮಂದಿ ಯುರೋಪಿಯನ್ನರು, ಮೂವರು ಭಾರತೀಯರು. ಆರು ಮತಗಳು ದೋಷಿಯೆಂದವು; ಮೂರು ಅಲ್ಲವೆಂದವು. ಶಿಕ್ಷೆ 18 ತಿಂಗಳು. 1908ರಲ್ಲಿ ಏಳು ಮಂದಿ ಯುರೋಪಿಯನ್ನರು, ಇಬ್ಬರು ಪಾರಸಿಗಳು; ಮತಗಳೂ ಏಳಕ್ಕೆ ಎರಡು. ಆರು ವರ್ಷ ಮಂಡಾಲೆಯ ವಾಸ. ತಿಲಕರು ಬರೆದದ್ದು ಮರಾಠಿಯಲ್ಲಿ, ಜ್ಯೂರಿಯ ಮುಂದಿಟ್ಟದ್ದು ಇಂಗ್ಲಿಷ್ ಭಾಷಾಂತರ. ನುಡಿಯ ಧ್ವನಿಯನ್ನರಿಯದೆ ಬರೆದವನ ಮನಸ್ಸನ್ನು ಅಳೆಯುವುದು ಹೇಗೆಂದು ನೀವೇ ಯೋಚಿಸಿರಿ.

ಅಮೆರಿಕದಲ್ಲಿಯೂ ಕರಿಯರನ್ನು ಜ್ಯೂರಿಯಿಂದ ಹೊರಗಿಡುವ ರೂಢಿ ಬಹುಕಾಲ ನಡೆಯಿತು. ಜನಾಂಗದ ಕಾರಣಕ್ಕಾಗಿ ಸರ್ಕಾರಿ ವಕೀಲರು ಪಂಚರನ್ನು ಕೈಬಿಡಲಾಗದೆಂದು ಅಲ್ಲಿಯ ಸುಪ್ರೀಂ ಕೋರ್ಟು 1986ರಲ್ಲಿ ತೀರ್ಪಿತ್ತಿತು.

ನಮ್ಮಲ್ಲಿ 1973ರ ದಂಡ ಪ್ರಕ್ರಿಯಾ ಸಂಹಿತೆಯೊಡನೆ ಜ್ಯೂರಿಯೇ ಮರೆಯಾಯಿತು. ಸೆಷನ್ಸ್ ನ್ಯಾಯಾಧೀಶರೇ ಸಾಕ್ಷ್ಯವನ್ನು ತೂಗುತ್ತಾರೆ. ಅಂದಮಾತ್ರಕ್ಕೆ ತೊಡಕು ತೀರಿತೆನ್ನಬೇಡಿರಿ. ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ 2014ರ ಆಗಸ್ಟಿನಲ್ಲಿ ದಲಿತರ ಮನೆಗಳ ಮೇಲೆ ದಾಳಿಯಾಯಿತು. ಕೊಪ್ಪಳದ ನ್ಯಾಯಾಲಯವು 2024ರ ಅಕ್ಟೋಬರಿನಲ್ಲಿ 101 ಮಂದಿಯನ್ನು ದೋಷಿಗಳೆಂದು ಸಾರಿ, 98 ಮಂದಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಮೇಲ್ಮನವಿ ಹೈಕೋರ್ಟಿಗೆ ಹೋಗಿ, ನವೆಂಬರಿನಲ್ಲಿ ಹೆಚ್ಚಿನವರಿಗೆ ಜಾಮೀನು ದೊರೆಯಿತು.

ನಡುವಿನ ಹತ್ತು ವರ್ಷಗಳನ್ನು ನೆನೆಯಿರಿ. ಇಂಥ ಮೊಕದ್ದಮೆಗಳಲ್ಲಿ ಸಾಕ್ಷಿ ನುಡಿಯುವವರು ಆಪಾದಿತರಿರುವ ಊರಿನಲ್ಲಿಯೇ ಬಾಳಬೇಕು. ಅವರು ಅಂಜಿ ಸುಮ್ಮನಾದರೆ ಎಂಥ ನ್ಯಾಯಾಧೀಶರಿಗೂ ಕೈ ಕಟ್ಟಿದಂತೆ. ಅಂದು ಪಕ್ಷಪಾತವು ಪಂಚರ ಪೀಠದಲ್ಲಿ ಕುಳಿತಿತ್ತು. ಇಂದು ಅದು ಸಾಕ್ಷಿಯ ಮನೆಯ ಹೊಸ್ತಿಲಲ್ಲಿ ಕುಳಿತುಕೊಳ್ಳಬಲ್ಲದು. ಅದನ್ನು ಅಲ್ಲಿಂದ ಎಬ್ಬಿಸುವುದು ಕಾಯಿದೆಯೊಂದರಿಂದ ಆಗದು. ನೆರೆಹೊರೆಯವರಾದ ನಾವು ನೀವು ಆ ಸಾಕ್ಷಿಯ ಬೆನ್ನಿಗೆ ನಿಲ್ಲಬೇಕು.