ವಿದ್ಯುಚ್ಚಾಲಿತ ಕಾರು ಮತ್ತು ಜೀವಾವಧಿ ತೆರಿಗೆ

ಬೆಂಗಳೂರಿನ ಉತ್ತರ ಭಾಗದ ಮೋಟಾರು ವಾಹನಗಳು ಯಶವಂತಪುರದ ಕಚೇರಿಯಲ್ಲಿ ನೋಂದಣಿಯಾದರೆ ಕೆಎ-04 ಎಂಬ ಗುರುತನ್ನೂ, ಯಲಹಂಕದ ಕಚೇರಿಯಲ್ಲಿ ನೋಂದಣಿಯಾದರೆ ಕೆಎ-50 ಎಂಬ ಗುರುತನ್ನೂ ಪಡೆಯುತ್ತವೆ. ಹೆಬ್ಬಾಳದ ಮೇಲ್ಸೇತುವೆಯ ಬಳಿ ಸ್ವಲ್ಪ ಹೊತ್ತು ನಿಂತು ನೋಡುವವರಿಗೆ ಈ ಗುರುತುಗಳುಳ್ಳ ಫಲಕಗಳಲ್ಲಿ ಕೆಲವು ಹಸುರು ಬಣ್ಣದವಾಗಿರುವುದು ಕಂಡುಬರುತ್ತದೆ. 2018ರಲ್ಲಿ ಕೇಂದ್ರ ಸರಕಾರವು ಗೊತ್ತುಮಾಡಿದಂತೆ ವಿದ್ಯುತ್ತಿನಿಂದ ಚಲಿಸುವ ವಾಹನಕ್ಕೆ ಹಸುರು ಫಲಕ. ಸ್ವಂತ ಉಪಯೋಗದ್ದಾದರೆ ಬಿಳಿಯ ಅಕ್ಷರ, ಬಾಡಿಗೆಯದಾದರೆ ಹಳದಿಯ ಅಕ್ಷರ. ಕೆಲವು ವರ್ಷಗಳ ಕಾಲ ಈ ಹಸುರು ಫಲಕಕ್ಕೆ ಇನ್ನೊಂದು ಅರ್ಥವೂ ಇದ್ದಿತು: ಈ ವಾಹನವು ರಾಜ್ಯದ ವಾಹನ ತೆರಿಗೆಯಿಂದ ಮುಕ್ತವಾದುದು ಎಂಬುದೇ ಆ ಅರ್ಥ. 2024ರಲ್ಲಿ ಅದು ಪಲ್ಲಟವಾಯಿತು. ಈ ಪಲ್ಲಟದ ಸ್ವರೂಪವೇನು, ಅದರ ಭಾರವು ಯಾರ ಮೇಲೆ ಬಿದ್ದಿತು, ಯಾವ ಪ್ರಶ್ನೆಯನ್ನು ಅದು ಬಗೆಹರಿಸದೆ ಉಳಿಸಿತು ಎಂಬುದನ್ನು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ರಸ್ತೆಯಲ್ಲಿ ಬಳಸಲು ಯೋಗ್ಯವಾದ ವಾಹನಗಳ ಮೇಲೆ ತೆರಿಗೆ ಹಾಕುವ ಅಧಿಕಾರವನ್ನು ಸಂವಿಧಾನದ ಏಳನೆಯ ಅನುಸೂಚಿಯು ರಾಜ್ಯಗಳಿಗೆ ಕೊಟ್ಟಿದೆ. ರಾಜ್ಯಪಟ್ಟಿಯ 57ನೆಯ ಬಾಬು ಇದಕ್ಕೆ ಆಧಾರ. ನಮ್ಮ ರಾಜ್ಯದಲ್ಲಿ ಈ ಅಧಿಕಾರವು ನಡೆಯುವುದು 1957ರ ಮೋಟಾರು ವಾಹನ ತೆರಿಗೆ ಕಾಯಿದೆಯ ಮೂಲಕ. ರಾಜ್ಯವು ಏಕೀಕರಣಗೊಂಡ ಮರುವರ್ಷವೇ ಈ ಕಾಯಿದೆ ಹುಟ್ಟಿತು. ಸ್ವಂತ ಉಪಯೋಗದ ಕಾರಿನ ವಿಷಯದಲ್ಲಿ ತೆರಿಗೆಯನ್ನು ವರ್ಷವರ್ಷವೂ ಕಟ್ಟುವ ಕ್ರಮವಿಲ್ಲ. ನೋಂದಣಿಯ ಕಾಲದಲ್ಲಿ ಒಂದೇ ಸಲ ಕಟ್ಟತಕ್ಕುದು. ಆದುದರಿಂದಲೇ ಇದಕ್ಕೆ ಜೀವಾವಧಿ ತೆರಿಗೆ ಎಂದು ಹೆಸರು. 2024ರ ತಿದ್ದುಪಡಿಯ ಕಾಲಕ್ಕೆ ಪೆಟ್ರೋಲ್ ಮತ್ತು ಡೀಸೆಲ್ ಕಾರುಗಳ ಮೇಲಿನ ದರವು, ಉಪಕರಗಳನ್ನು ಬಿಟ್ಟು, ಹೀಗಿದ್ದಿತು: 5 ಲಕ್ಷ ರೂಪಾಯಿಯವರೆಗಿನ ಬೆಲೆಯ ಕಾರಿಗೆ ಶೇಕಡಾ 13, 10 ಲಕ್ಷದವರೆಗೆ ಶೇಕಡಾ 14, 20 ಲಕ್ಷದವರೆಗೆ ಶೇಕಡಾ 17, ಅದಕ್ಕೂ ಮೇಲ್ಪಟ್ಟರೆ ಶೇಕಡಾ 18.

ವಿದ್ಯುಚ್ಚಾಲಿತ ವಾಹನವನ್ನು ಈ ತೆರಿಗೆಯಿಂದ ಬಿಟ್ಟುದಕ್ಕೆ ಕಾರಣವು ಸ್ಪಷ್ಟವಾಗಿಯೇ ಇದೆ. ಹೊಸ ಯಂತ್ರ ದುಬಾರಿ. ಅದರ ಬೆಲೆಯಲ್ಲಿ ದೊಡ್ಡ ಪಾಲು ಬ್ಯಾಟರಿಗೆ ಸಲ್ಲುತ್ತದೆ. ಬೆಲೆಯ ಮೇಲೆಯೇ ತೆರಿಗೆಯನ್ನು ಎಣಿಸಿದರೆ, ಹೊಗೆಯಿಲ್ಲದ ವಾಹನವು ಹೊಗೆಯುಗುಳುವ ವಾಹನಕ್ಕಿಂತ ಹೆಚ್ಚು ತೆರಬೇಕಾಗುತ್ತದೆ. ರೇವಾ ಕಾರು 2001ರಲ್ಲಿ ಮಾರುಕಟ್ಟೆಗೆ ಬಂದುದು ಬೆಂಗಳೂರಿನಿಂದಲೇ. 2017ರಲ್ಲಿ ವಿದ್ಯುಚ್ಚಾಲಿತ ವಾಹನಗಳಿಗಾಗಿ ಪ್ರತ್ಯೇಕ ನೀತಿಯೊಂದನ್ನು ಪ್ರಕಟಿಸಿದ ಮೊದಲ ರಾಜ್ಯವೂ ಕರ್ನಾಟಕವೇ. ಕೇಂದ್ರ ಸರಕಾರವೂ ಇದೇ ಹಾದಿಯಲ್ಲಿ ನಡೆದು, 2019ರ ಆಗಸ್ಟಿನಿಂದ ಇಂಥ ವಾಹನಗಳ ಸರಕು ಮತ್ತು ಸೇವಾ ತೆರಿಗೆಯನ್ನು ಶೇಕಡಾ 12ರಿಂದ 5ಕ್ಕೆ ಇಳಿಸಿತು. 2021ರಲ್ಲಿ ನೋಂದಣಿಯ ಶುಲ್ಕವನ್ನೂ ಮನ್ನಾ ಮಾಡಿತು.

2024ರ ತಿದ್ದುಪಡಿಯು, ಬೆಲೆ 25 ಲಕ್ಷ ರೂಪಾಯಿಯನ್ನು ಮೀರಿದ ವಿದ್ಯುಚ್ಚಾಲಿತ ಕಾರುಗಳ ಮೇಲೆ ಬೆಲೆಯ ಶೇಕಡಾ 10ರಷ್ಟು ಜೀವಾವಧಿ ತೆರಿಗೆಯನ್ನು ವಿಧಿಸಿತು. ಅಂದಿನವರೆಗೆ ವಿನಾಯಿತಿಗೆ ಆಧಾರವಾಗಿದ್ದುದು ವಾಹನದ ಜಾತಿ. ಅಂದಿನಿಂದ ಅದರೊಡನೆ ಬೆಲೆಯೂ ಸೇರಿಕೊಂಡಿತು. ನೋಂದಣಿಯ ಕಾಲಕ್ಕೆ ಸಲ್ಲುವ ತೆರಿಗೆಯಾದುದರಿಂದ ಇದರ ಭಾರವು ಬಿದ್ದುದು ಹೊಸದಾಗಿ ಕೊಳ್ಳುವವರ ಮೇಲೆ.

ಉದಾಹರಣೆಗೆ ಯಲಹಂಕದ ಇಬ್ಬರು ಗ್ರಾಹಕರನ್ನು ಕಲ್ಪಿಸಿಕೊಳ್ಳೋಣ. ಒಬ್ಬರು 24,90,000 ರೂಪಾಯಿಯ ವಿದ್ಯುಚ್ಚಾಲಿತ ಕಾರನ್ನು ಕೊಂಡರು; 2024ರ ಈ ನಿಯಮದಂತೆ ಅವರು ತೆರಬೇಕಾದುದು ಏನೂ ಇಲ್ಲ. ಇನ್ನೊಬ್ಬರು 25,10,000 ರೂಪಾಯಿಯದನ್ನು ಕೊಂಡರು. ಅವರು ತೆರಬೇಕಾದುದು 2,51,000 ರೂಪಾಯಿ. ಬೆಲೆಯಲ್ಲಿ 20,000 ರೂಪಾಯಿಯ ಅಂತರ, ತೆರಿಗೆಯಲ್ಲಿ ಎರಡೂವರೆ ಲಕ್ಷದ ಅಂತರ! ಇದು ಮೆಟ್ಟಿಲಲ್ಲ, ಕಡಿದಾದ ದಿಣ್ಣೆ. ನಾರ್ವೆ ದೇಶವು 2023ರಲ್ಲಿ ಇದೇ ಸಮಸ್ಯೆಯನ್ನು ಬೇರೆ ವಿಧದಲ್ಲಿ ಎದುರಿಸಿತು. ಅಲ್ಲಿ ವಿದ್ಯುಚ್ಚಾಲಿತ ಕಾರಿನ ಬೆಲೆಯಲ್ಲಿ 5 ಲಕ್ಷ ಕ್ರೋನರ್‌ಗಳನ್ನು ಮೀರಿದ ಭಾಗದ ಮೇಲೆ ಮಾತ್ರ ಮೌಲ್ಯವರ್ಧಿತ ತೆರಿಗೆಯನ್ನು ಹಾಕಿದರು. ಆ ಕ್ರಮವನ್ನು ಇಲ್ಲಿ ಅನುಸರಿಸಿದ್ದರೆ ನಮ್ಮ ಎರಡನೆಯ ಗ್ರಾಹಕರು ತೆರಬೇಕಾಗುತ್ತಿದ್ದುದು ಬರಿಯ 1,000 ರೂಪಾಯಿ. ಆದರೆ 40 ಲಕ್ಷದ ಕಾರಿನಿಂದ ಬರುವ ತೆರಿಗೆಯೂ 4,00,000 ರೂಪಾಯಿಯಿಂದ 1,50,000ಕ್ಕೆ ಇಳಿಯುತ್ತಿದ್ದಿತು. ದಿಣ್ಣೆಯನ್ನು ಸಮಮಾಡಿ ವರಮಾನವನ್ನೂ ಉಳಿಸಿಕೊಳ್ಳಬೇಕಾದರೆ ದರವನ್ನು ಏರಿಸದೆ ಗತಿಯಿಲ್ಲ.

ಇನ್ನು ನ್ಯಾಯದ ಪ್ರಶ್ನೆ. ಆರ್.ಟಿ. ನಗರದ ಗೃಹಸ್ಥರೊಬ್ಬರು 8 ಲಕ್ಷ ರೂಪಾಯಿಯ ಪೆಟ್ರೋಲ್ ಕಾರನ್ನು ಕೊಂಡರೆ ಶೇಕಡಾ 14ರಂತೆ 1,12,000 ರೂಪಾಯಿ ಜೀವಾವಧಿ ತೆರಿಗೆ. ಅದರ ಮೂರರಷ್ಟು ಬೆಲೆಯ ವಿದ್ಯುಚ್ಚಾಲಿತ ಕಾರಿಗೆ ಮೇಲಿನ ಲೆಕ್ಕದಂತೆ ಸೊನ್ನೆ. ವಿದ್ಯುಚ್ಚಾಲಿತ ಕಾರನ್ನು ಸುಖವಾಗಿ ಇಟ್ಟುಕೊಳ್ಳಬೇಕಾದರೆ ಸ್ವಂತ ನಿಲುಗಡೆಯ ಜಾಗವೂ ಅಲ್ಲಿಗೆ ವಿದ್ಯುತ್ತಿನ ತಂತಿಯೂ ಇರಬೇಕು. ಇಕ್ಕಟ್ಟಾದ ಬೀದಿಯಲ್ಲಿ, ಬಾಡಿಗೆಯ ಮನೆಯ ಮುಂದೆ ಕಾರು ನಿಲ್ಲಿಸುವವರಿಗೆ ಆ ಅನುಕೂಲವೆಲ್ಲಿ? ವಿನಾಯಿತಿಯು ವಾಯುವಿನ ಶುದ್ಧಿಗೆ ಕೊಟ್ಟ ಪ್ರೋತ್ಸಾಹವೆಂಬುದು ನಿಜ. ಆದರೆ ಅದನ್ನು ಪಡೆಯಲು ಶಕ್ತರಾದವರು ಬಹುಮಟ್ಟಿಗೆ ಅನುಕೂಲಸ್ಥರೇ ಎಂಬುದೂ ಅಷ್ಟೇ ನಿಜ. ಈ ದೃಷ್ಟಿಯಿಂದ ಮೇಲಿನ ಅಂತಸ್ತಿನ ಕಾರುಗಳ ಮೇಲೆ ತೆರಿಗೆ ಹಾಕಿದುದನ್ನು ಅನ್ಯಾಯವೆನ್ನಲಾಗದು.

ಆದರೆ ಮುಖ್ಯ ಪ್ರಶ್ನೆ ಬೇರೆಯೇ ಇದೆ. ಪೆಟ್ರೋಲ್ ಕಾರಿನ ಒಡೆಯರು ರಾಜ್ಯಕ್ಕೆ ಎರಡು ಬಗೆಯಲ್ಲಿ ತೆರುತ್ತಾರೆ: ಕೊಳ್ಳುವಾಗ ಒಮ್ಮೆ, ಆಮೇಲೆ ಬಂಕಿಗೆ ಹೋದಾಗಲೆಲ್ಲ. 2024ರ ಜೂನ್‌ನಲ್ಲಿ ರಾಜ್ಯವು ಪೆಟ್ರೋಲಿನ ಮಾರಾಟ ತೆರಿಗೆಯನ್ನು ಶೇಕಡಾ 25.92ರಿಂದ 29.84ಕ್ಕೂ, ಡೀಸೆಲಿನದನ್ನು ಶೇಕಡಾ 14.34ರಿಂದ 18.44ಕ್ಕೂ ಏರಿಸಿತು, 2025ರ ಏಪ್ರಿಲ್‌ನಲ್ಲಿ ಡೀಸೆಲಿನ ದರವು 21.17ಕ್ಕೆ ಮುಟ್ಟಿತು. ಮೊದಲನೆಯ ತೆರಿಗೆಯು ಅಳೆಯುವುದು ಒಡೆಯರ ಶಕ್ತಿಯನ್ನು. ಎರಡನೆಯದು ಅಳೆಯುವುದು, ಸ್ಥೂಲವಾಗಿಯಾದರೂ, ರಸ್ತೆಯ ಉಪಯೋಗವನ್ನು. ಯಲಹಂಕದಿಂದ ನಗರಕ್ಕೆ ದಿನವೂ ಬಂದುಹೋಗುವವರು ಹೆಚ್ಚು ತೆರುತ್ತಾರೆ. ಭಾನುವಾರ ಮಾತ್ರ ಕಾರು ತೆಗೆಯುವವರು ಕಡಿಮೆ ತೆರುತ್ತಾರೆ. ವಿದ್ಯುಚ್ಚಾಲಿತ ಕಾರಿಗೆ ಈ ಎರಡನೆಯ ತೆರಿಗೆಯೇ ಇಲ್ಲ. ಮನೆಯ ವಿದ್ಯುತ್ತಿನ ಮೇಲೆ ಬಳಕೆಯ ತೆರಿಗೆಯೇನೋ ಉಂಟು; ಆದರೆ ಮನೆಯ ಮೀಟರಿನಿಂದಲೇ ಕಾರಿಗೆ ವಿದ್ಯುತ್ತನ್ನು ತುಂಬಿದಾಗ ದೀಪಕ್ಕೆ ಸುಟ್ಟುದಾವುದು, ರಸ್ತೆಯ ಮೇಲೆ ಓಡಿದುದಾವುದು ಎಂದು ಆ ತೆರಿಗೆ ಅರಿಯದು.

ವಾಹನ ತೆರಿಗೆಯು ರಸ್ತೆಯ ಸೌಕರ್ಯಕ್ಕೆ ಪ್ರತಿಫಲವೆಂಬ ಭಾವನೆ ನಮ್ಮ ನ್ಯಾಯಶಾಸ್ತ್ರದಲ್ಲಿ ಬಹುಕಾಲ ನೆಲಸಿದ್ದಿತು. ರಾಜಸ್ಥಾನದ ಆಟೊಮೊಬೈಲ್ ಟ್ರಾನ್ಸ್‌ಪೋರ್ಟ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ಇದನ್ನು ‘ಪರಿಹಾರಾತ್ಮಕ ತೆರಿಗೆ’ಯೆಂಬ ತತ್ತ್ವವಾಗಿ ಎತ್ತಿಹಿಡಿದು, ಇಂಥ ತೆರಿಗೆಯು ವ್ಯಾಪಾರ ಸ್ವಾತಂತ್ರ್ಯಕ್ಕೆ ಅಡ್ಡಿಯಲ್ಲವೆಂದಿತು. 2016ರ ಜಿಂದಾಲ್ ಸ್ಟೇನ್‌ಲೆಸ್ ಮೊಕದ್ದಮೆಯಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠವು ಬಹುಮತದಿಂದ ಆ ತತ್ತ್ವವನ್ನು ಕೈಬಿಟ್ಟಿತು. ಆದುದರಿಂದ, ರಸ್ತೆ ಕೆಟ್ಟಿದೆಯೆಂಬ ಕಾರಣದಿಂದ ತೆರಿಗೆಯನ್ನು ಪ್ರಶ್ನಿಸುವ ನ್ಯಾಯಬದ್ಧ ಹಕ್ಕು ಇಂದು ಒಡೆಯರಿಗೆ ಇದೆಯೆನ್ನುವುದು ಕಷ್ಟ. ಆದರೆ ಕಾನೂನಿನಿಂದ ಬಿದ್ದುಹೋದ ತತ್ತ್ವವು ಆಡಳಿತದ ವಿವೇಕದಿಂದಲೂ ಬಿದ್ದುಹೋಗಬೇಕೆಂದಿಲ್ಲ. ನ್ಯೂಜಿಲೆಂಡ್ 2024ರ ಏಪ್ರಿಲ್‌ನಿಂದ ವಿದ್ಯುಚ್ಚಾಲಿತ ಕಾರುಗಳಿಗೂ ಪ್ರತಿ 1,000 ಕಿಲೋಮೀಟರಿಗೆ 76 ಡಾಲರಿನಂತೆ ರಸ್ತೆ ಶುಲ್ಕವನ್ನು ಗೊತ್ತುಮಾಡಿತು. ಅಲ್ಲಿ ಅಳತೆಗೋಲು ಬೆಲೆಯಲ್ಲ, ಓಡಿದ ದೂರ.

ಒಟ್ಟಿನಲ್ಲಿ ಹೇಳುವುದಾದರೆ, 2024ರ ತಿದ್ದುಪಡಿಯು ಸಿರಿವಂತರ ಕಾರನ್ನು ತೆರಿಗೆಯ ಬಲೆಯೊಳಕ್ಕೆ ತಂದಿತು. ರಸ್ತೆಯ ವೆಚ್ಚವನ್ನು ಮುಂದೆ ಯಾರು ಹೊರಬೇಕೆಂಬುದನ್ನು ಹೇಳಲಿಲ್ಲ. ಹಸುರು ಫಲಕಗಳು ಹೆಚ್ಚಿದಂತೆಲ್ಲ ಬಂಕಿನ ವರಮಾನವು ಕುಗ್ಗುವುದು ಸಹಜ. ಆಗ ಉಳಿದ ಪೆಟ್ರೋಲ್ ವಾಹನಗಳ ಮೇಲೆಯೇ ಭಾರವನ್ನು ಹೆಚ್ಚಿಸುತ್ತ ಹೋದರೆ, ಹಳೆಯ ಕಾರನ್ನು ಬದಲಾಯಿಸಲಾರದವರೇ ಹೊಸ ಕಾರಿನವರ ರಸ್ತೆಗೂ ಹಣ ತೆತ್ತಂತಾಗುವುದು. ಕೊಳ್ಳುವಾಗ ಹಗುರವಾದ, ಓಡಿಸುವಾಗ ಮಿತವಾದ ತೆರಿಗೆಯೇ ವಿದ್ಯುಚ್ಚಾಲಿತ ಕಾರಿಗೆ ಹೆಚ್ಚು ಒಪ್ಪುವುದೆಂದು ನಮಗೆ ತೋರುತ್ತದೆ. ಅದನ್ನು ಅಳೆಯುವ ಮೀಟರು ಪ್ರತಿಯೊಂದು ಕಾರಿನಲ್ಲಿಯೂ ಈಗಾಗಲೇ ಇದೆ.